ಆರೋಗ್ಯ ವಿಚಾರ: ಇಬ್ಬರು ವೈದ್ಯರು, ಎರಡು ಪರೀಕ್ಷೆಗಳು

ಕಳೆದ ಮಳೆಗಾಲದಲ್ಲಿ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ನಮ್ಮ ಆಪ್ತರೊಬ್ಬರ ಮನೆಯಲ್ಲಿ ಎರಡು ದಿನ ನಿಲ್ಲುವ ಪ್ರಸಂಗವು ನಮಗೆ ಒದಗಿತು. ಅದು ತುಂಬಿದ ಮನೆ. ಹಿರಿಯ ಮಗನ ಮಗಳು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿರುವಳು, ಕಿರಿಯ ಮಗನ ಮಗನು ಅದೇ ಊರಿನಲ್ಲಿ ಬಿ.ಎ.ಎಂ.ಎಸ್. ಎಂಬ ಆಯುರ್ವೇದ ಪದವಿಗಾಗಿ ಓದುತ್ತಿರುವನು. ಇಬ್ಬರ ಪರೀಕ್ಷೆಯ ಫಲಿತಾಂಶಗಳೂ ಆಗಷ್ಟೇ ಬಂದಿದ್ದವು. ಮೊಮ್ಮಗಳಿಗೆ ನೂರಕ್ಕೆ 61, ಮೊಮ್ಮಗನಿಗೆ ನೂರಕ್ಕೆ 72. ಎಂಬತ್ತು ದಾಟಿದ ಅಜ್ಜಿಯು ಕಟ್ಟೆಯ ಮೇಲೆ ಕುಳಿತು ನಮ್ಮನ್ನು ನ್ಯಾಯ ಹೇಳಲು ಕರೆದಳು: "ಹುಡುಗ ಹನ್ನೊಂದು ಮಾರ್ಕ್ ಹೆಚ್ಚಿಗಿ ತಗೊಂಡಾನ. ಹಂಗಾದ್ರ ಅವನಽ ಶ್ಯಾಣ್ಯಾ ಡಾಕ್ಟರ ಅಲ್ಲೇನು? ನನ್ನ ಮೊಣಕಾಲು ಯಾರಿಗೆ ತೋರಸ್ಲಿ?" ಮೊಮ್ಮಗಳು ಮುಖ ಊದಿಸಿಕೊಂಡು ಒಳಗೆ ನಡೆದಳು. ಹುಡುಗನು ನೆಲ ನೋಡುತ್ತ ಕುಳಿತನು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅಂಕಗಳಿಂದ ವೈದ್ಯರನ್ನು ಅಳೆಯುವ ಈ ಪದ್ಧತಿಯು ಅಕ್ಷರವಂತರ ಮನೆಗಳಲ್ಲಿಯೂ ಉಂಟೆಂಬದನ್ನು ನಾವು ಬಲ್ಲೆವು. ಆದಕಾರಣ ಈ ತಿಂಗಳು ಅದನ್ನೇ ವಿಚಾರಿಸೋಣವೆಂದಿರುವೆವು.

ಆ ಮಕ್ಕಳಿಬ್ಬರೂ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆದದ್ದು ಒಮ್ಮೆ ಮಾತ್ರ. ಅದು ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆ. 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಬಿಟ್ಟರೆ ಅದರಲ್ಲಿ ರೋಗದ ಮಾತೂ ಇಲ್ಲ, ಮದ್ದಿನ ಮಾತೂ ಇಲ್ಲ. ಅಲ್ಲಿ ಹೆಚ್ಚು ಅಂಕ ಪಡೆದವರು ಸಾಮಾನ್ಯವಾಗಿ ಎಂ.ಬಿ.ಬಿ.ಎಸ್. ಕಡೆಗೆ ಹೋಗುವರೆಂಬದು ನಿಜ. ಬಾಗಿಲು ದಾಟಿದ ಮೇಲೆ ಇಬ್ಬರ ದಾರಿಯೂ ಬೇರೆ. ಒಬ್ಬಳು 1957ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಹೋದಳು; ಮತ್ತೊಬ್ಬನು ಹೆಗ್ಗೇರಿಯ ಆಯುರ್ವೇದ ಮಹಾವಿದ್ಯಾಲಯಕ್ಕೆ. ವಿಚಿತ್ರವೆಂದರೆ ಇಬ್ಬರ ಪರೀಕ್ಷೆಯನ್ನೂ ನಡಿಸುವದು 1996ರಲ್ಲಿ ಸ್ಥಾಪಿತವಾದ ಒಂದೇ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾಲಾವಧಿಯೂ ಒಂದೇ: ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ದವಾಖಾನೆಯ ಸೇವೆ. ಮುದ್ರೆಯು ಒಂದೇ ಆದರೂ ಪತ್ರಿಕೆಗಳು ಬೇರೆ. ಅವಳಿಗೆ ಜೀವರಸಾಯನ, ಔಷಧಶಾಸ್ತ್ರ, ಶಸ್ತ್ರಕ್ರಿಯೆ. ಅವನಿಗೆ ಸಂಹಿತೆ, ದ್ರವ್ಯಗುಣ, ಪಂಚಕರ್ಮ, ಅದರೊಡನೆ ಹೊಸ ಶರೀರಶಾಸ್ತ್ರದ ಸ್ವಲ್ಪ ಭಾಗ. ಅವನ 72ನ್ನೂ ಅವಳ 61ನ್ನೂ ಪಕ್ಕದಲ್ಲಿಟ್ಟು ನೋಡುವದೆಂದರೆ ಸೇರಿನಿಂದ ಅಳೆದ ಜೋಳಕ್ಕೂ ಗಜದಿಂದ ಅಳೆದ ಖಣಕ್ಕೂ ಪಂದ್ಯ ಕಟ್ಟಿದಂತೆ.

ಹಾಗಾದರೆ ಎರಡು ಪಂಥದ ವೈದ್ಯರನ್ನು ಒಂದೇ ಪತ್ರಿಕೆಗೆ ಕೂಡ್ರಿಸಿ ನೋಡಿದವರು ಯಾರಾದರೂ ಇರುವರೇ? ಇರುವರು, ಅಮೇರಿಕೆಯವರು. ಆ ಕಥೆಯು ಕೇಳುವಂತಹದು.

ಅಲ್ಲಿ ರೂಢಿಯ ವೈದ್ಯರು ಎಂ.ಡಿ. ಎನಿಸುವರು, ಆಸ್ಟಿಯೋಪಥಿ ಎಂಬ ಪಂಥದವರು ಡಿ.ಓ. ಎನಿಸುವರು. ಈ ಪಂಥದ ಮೂಲಪುರುಷನಾದ ಆಂಡ್ರ್ಯೂ ಟೇಲರ್ ಸ್ಟಿಲ್ಲನು ತಾನೂ ವೈದ್ಯನಾಗಿದ್ದನು. 1864ರಲ್ಲಿ ಮಿದುಳುಪೊರೆಯ ಜ್ವರವು ಅವನ ಮೂವರು ಮಕ್ಕಳನ್ನು ಕೊಂಡೊಯ್ದಿತು. ಮನೆಯಲ್ಲಿ ವೈದ್ಯನಿದ್ದೂ ಮಕ್ಕಳು ಉಳಿಯಲಿಲ್ಲವೆಂಬ ದುಃಖದಲ್ಲಿ ಆ ಕಾಲದ ಔಷಧಗಳ ಮೇಲಿನ ಅವನ ನಂಬಿಗೆಯು ಹಾರಿಹೋಯಿತು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ತಿದ್ದಿದರೆ ದೇಹವು ತನ್ನನ್ನು ತಾನೇ ಗುಣಪಡಿಸಿಕೊಳ್ಳುವದೆಂದು ಅವನು ಸಾರಿ, 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಶಾಲೆಯನ್ನು ತೆರೆದನು. ರೂಢಿಯ ವೈದ್ಯರು ಇವರನ್ನು ಬಹುಕಾಲ ಹತ್ತಿರ ಸೇರಿಸಲಿಲ್ಲ. ಆದರೆ ಈ ಶಾಲೆಗಳು ಕ್ರಮೇಣ ಔಷಧಶಾಸ್ತ್ರವನ್ನೂ ಶಸ್ತ್ರವೈದ್ಯವನ್ನೂ ಪೂರ್ತಿಯಾಗಿ ಪಾಠಕ್ಕೆ ಸೇರಿಸಿಕೊಂಡವು. ಕೈಚಿಕಿತ್ಸೆಯು ಹೆಚ್ಚಿನದೊಂದು ವಿದ್ಯೆಯಾಗಿ ಉಳಿಯಿತು. 1962ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸುಮಾರು 2000 ಡಿ.ಓ.ಗಳು ತಲೆಗೆ 65 ಡಾಲರು ಕೊಟ್ಟು ಎಂ.ಡಿ. ಪದವಿಯನ್ನು ಪಡೆದರು. ಮನುಷ್ಯನು ಅವನೇ, ಕೈಯೂ ಅದೇ. ಬಾಗಿಲ ಮೇಲಿನ ಹಲಗೆ ಮಾತ್ರ ಬದಲಾಯಿತು! ಈಗ ಅಲ್ಲಿಯ ಎಲ್ಲ ಸಂಸ್ಥಾನಗಳಲ್ಲಿಯೂ ಇಬ್ಬರಿಗೂ ಸಮಾನ ಹಕ್ಕುಗಳಿವೆ. ಪದವಿಯ ನಂತರದ ದವಾಖಾನೆಯ ಶಿಕ್ಷಣವೂ 2020ರಿಂದ ಒಂದೇ ವ್ಯವಸ್ಥೆಗೆ ಒಳಪಟ್ಟಿದೆ.

ವೃತ್ತಿಯ ಪರವಾನಗಿಗಾಗಿ ಎಂ.ಡಿ.ಗಳು ಯು.ಎಸ್.ಎಂ.ಎಲ್.ಇ. ಎಂಬ ಪರೀಕ್ಷೆಗೆ ಕೂಡ್ರುವರು, ಡಿ.ಓ.ಗಳಿಗೆ ಕಾಮ್ಲೆಕ್ಸ್ ಎಂಬ ಬೇರೆ ಪರೀಕ್ಷೆಯುಂಟು. ಆದರೆ ಡಿ.ಓ.ಗಳಲ್ಲಿ ಅನೇಕರು ತಮ್ಮ ಪರೀಕ್ಷೆಯೊಡನೆ ಎಂ.ಡಿ.ಗಳದನ್ನೂ ಬರೆಯುವರು. ಹೋಲಿಕೆಗೆ ಅವಕಾಶವು ದೊರೆಯುವದು ಇಲ್ಲಿ. ಮೊದಲ ಹಂತವನ್ನು ಮೊದಲ ಸಲಕ್ಕೇ ದಾಟಿದವರು 2021ರಲ್ಲಿ ಎಂ.ಡಿ.ಗಳಲ್ಲಿ ನೂರಕ್ಕೆ 96, ಡಿ.ಓ.ಗಳಲ್ಲಿ 94, 2022ರಲ್ಲಿ 93 ಮತ್ತು 89. ಎರಡು ನಾಲ್ಕರ ಅಂತರ. ಇದನ್ನು ನೋಡಿ ಎಂ.ಡಿ.ಯೇ ಮೇಲೆಂದು ಬೀಗುವವರೂ ಉಂಟು, ಬಹುತೇಕ ಸಮವೆಂದು ಸಮಾಧಾನ ಪಡುವವರೂ ಉಂಟು. ನಮಗಾದರೋ ಈ ಅಂತರವು ಅಷ್ಟು ಸರಳವಾಗಿ ತೋರುವದಿಲ್ಲ. ಎಂ.ಡಿ. ವಿದ್ಯಾರ್ಥಿಗಳಿಗೆ ಆ ಪರೀಕ್ಷೆಯು ಅನಿವಾರ್ಯ, ಡಿ.ಓ.ಗಳಲ್ಲಿ ಇಷ್ಟಪಟ್ಟವರು ಮಾತ್ರ ಕೂಡ್ರುವರು, ಅದೂ ತಮ್ಮ ಪರೀಕ್ಷೆಯ ಭಾರವನ್ನು ಹೊತ್ತುಕೊಂಡೇ. ಒಂದು ಕಡೆ ಇಡೀ ತರಗತಿ, ಮತ್ತೊಂದು ಕಡೆ ಆಯ್ದ ಕೆಲವರು.

ಇನ್ನೊಂದು ಸಂಗತಿಯುಂಟು. 2022ರಿಂದ ಆ ಎರಡೂ ಪರೀಕ್ಷೆಗಳ ಮೊದಲ ಹಂತದಲ್ಲಿ ಅಂಕವನ್ನು ಪ್ರಕಟಿಸುವದನ್ನೇ ನಿಲ್ಲಿಸಿದರು. ಪಾಸು ಅಥವಾ ನಾಪಾಸು, ಇಷ್ಟೇ. ಏಕೆಂದರೆ ಪರವಾನಗಿಯ ಪರೀಕ್ಷೆಯು ಹುಟ್ಟಿದ್ದು ಅಪಾಯಕಾರಿಯಾದವನನ್ನು ರೋಗಿಯ ಹಾಸಿಗೆಯಿಂದ ದೂರ ಇಡಲಿಕ್ಕೆ. ಯೋಗ್ಯರೊಳಗೆ ಯಾರು ಮೊದಲನೆಯವರು, ಯಾರು ಹತ್ತನೆಯವರೆಂದು ಸಾಲುಗಟ್ಟಲಿಕ್ಕೆ ಅಲ್ಲ. ದೊಡ್ಡ ದವಾಖಾನೆಗಳು ಆ ಅಂಕವನ್ನೇ ಜಾತಕದಂತೆ ಹಿಡಿದು ತರುಣರನ್ನು ಆರಿಸುತ್ತಿದ್ದವು.

ನಮ್ಮ ಭಗಿನಿಯರು ಕೇಳಬಹುದು: ಅಂಕ ಹಾಗಿರಲಿ, ರೋಗಿಗಳ ಗತಿಯೇನು? ಅದನ್ನೂ ಅಮೇರಿಕೆಯವರು ನೋಡಿರುವರು. 2016ರಿಂದ 2019ರ ವರೆಗೆ ದವಾಖಾನೆ ಸೇರಿದ 65 ವರ್ಷ ಮೇಲ್ಪಟ್ಟ ವೃದ್ಧರ ಸುಮಾರು 3,30,000 ಪ್ರಕರಣಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು 2023ರಲ್ಲಿ ಪ್ರಕಟವಾಯಿತು. ಎಂ.ಡಿ.ಗಳ ಕೈಯಲ್ಲಿ ಮರಣವು ನೂರಕ್ಕೆ 9.4, ಡಿ.ಓ.ಗಳ ಕೈಯಲ್ಲಿ 9.5. ಭೇದವಿಲ್ಲವೆಂದೇ ಹೇಳಬೇಕು. ಇದಕ್ಕೆ ಕಾರಣವೂ ಸ್ಪಷ್ಟ: ಇಬ್ಬರೂ ಹೆಚ್ಚು ಕಡಿಮೆ ಒಂದೇ ವಿದ್ಯೆಯನ್ನು ಕಲಿತವರು, ಒಂದೇ ವಿಧದ ವಾರ್ಡುಗಳಲ್ಲಿ ಪಳಗಿದವರು.

ಈ ಮಾತನ್ನು ಎತ್ತಿ ತಂದು ನಮ್ಮ ನಾಡಿನ ಇಬ್ಬರು ವೈದ್ಯರಿಗೆ ಅಂಟಿಸುವಂತಿಲ್ಲ. ಇಲ್ಲಿ ಕಲಿಕೆಯೇ ಬೇರೆ. ಹೇಗೂ ಇಬ್ಬರೂ ಡಾಕ್ಟರರೇ ಎಂಬ ಮಾತಿನಿಂದ ಆಗುವ ಅನರ್ಥವನ್ನು ನಾವು ನಮ್ಮ ಮನೆಯಲ್ಲಿಯೇ ಕಂಡಿರುವೆವು. ಹಿಂದೊಮ್ಮೆ ನಮ್ಮ ತಮ್ಮನ ಕೂಸಿಗೆ ಜ್ವರ ಬಂದಾಗ ಓಣಿಯ ಡಾಕ್ಟರರೊಬ್ಬರಲ್ಲಿ ಏಳು ದಿನ ಸೂಜಿ ಹಾಕಿಸಿದೆವು. ರಕ್ತಪರೀಕ್ಷೆಯ ಮಾತೇ ಬರಲಿಲ್ಲ. ಎಂಟನೆಯ ದಿನ ಕೂಸು ಕಣ್ಣು ತೆರೆಯದಾದಾಗ ಪಟ್ಟಣಕ್ಕೆ ಓಡಿದೆವು. ಅದು ವಿಷಮಜ್ವರವೆಂದು ಅಲ್ಲಿ ತಿಳಿಯಿತು. ಮೂರು ವಾರಗಳ ಮೇಲೆ ಕೂಸು ಮನೆಗೆ ಬಂದಿತು, ದೈವ ದೊಡ್ಡದು. ಆ ಗೃಹಸ್ಥರು ಕಲಿತದ್ದು ಯಾವ ವೈದ್ಯವೆಂದು ಆ ಏಳು ದಿನಗಳಲ್ಲಿ ನಾವು ಒಮ್ಮೆಯೂ ಕೇಳಿರಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಮುಂಬಯಿಯಲ್ಲಿ 1992ರಲ್ಲಿ ಇಂತಹದೇ ಒಂದು ಜ್ವರವು ಸಾವಿನಲ್ಲಿ ಮುಗಿಯಿತು. ಹೋಮಿಯೋಪಥಿಯನ್ನು ಕ್ರಮವಾಗಿ ಕಲಿತು, ಪರೀಕ್ಷೆ ದಾಟಿ, ನೋಂದಣಿಯನ್ನೂ ಪಡೆದಿದ್ದ ವೈದ್ಯನು ರೋಗಿಗೆ ಅಲೋಪಥಿಯ ಔಷಧಗಳನ್ನು ಕೊಟ್ಟಿದ್ದನು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವದೇ ನಿಷ್ಕಾಳಜಿ ಎಂದು ತೀರ್ಪಿತ್ತು, ವಿಧವೆಗೆ 3 ಲಕ್ಷ ರೂಪಾಯಿ ಪರಿಹಾರವನ್ನು ಕೊಡಿಸಿತು. ಆತನು ಪರೀಕ್ಷೆಯಲ್ಲಿ ನಾಪಾಸಾದವನಲ್ಲವೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಪಾಸಾದದ್ದು ಬೇರೊಂದು ವಿದ್ಯೆಯಲ್ಲಿ.

ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗಲೇ 1938ರ ಕಾಯದೆಯು ದೇಶೀಯ ವೈದ್ಯರ ನೋಂದಣಿಗೆ ದಾರಿ ಮಾಡಿತ್ತು. ಅಂದಿನಿಂದಲೂ ಪಟ್ಟಿಗಳು ಎರಡಾಗಿಯೇ ನಡೆದಿವೆ. ಇತ್ತೀಚೆಗೆ 2019ರ ಕಾಯದೆಯು ಎಂ.ಬಿ.ಬಿ.ಎಸ್. ಕಲಿತವರಿಗೂ, 2020ರ ಕಾಯದೆಯು ಆಯುರ್ವೇದ ಕಲಿತವರಿಗೂ ದೇಶಕ್ಕೆಲ್ಲ ಒಂದೇ ಆದ ನಿರ್ಗಮನ ಪರೀಕ್ಷೆಯನ್ನು ವಿಧಿಸಿದವು, ಅವರವರಿಗೆ ಅವರವರದು. ಎಂ.ಬಿ.ಬಿ.ಎಸ್.ದವರಿಗೆ 2023ರ ಜುಲೈ 28ಕ್ಕೆ ಅಣಕು ಪರೀಕ್ಷೆಯನ್ನು ಗೊತ್ತುಮಾಡಿ ಮುಂದೂಡಿದರು. ವಿದೇಶದಲ್ಲಿ ಕಲಿತು ಬಂದವರು ಮಾತ್ರ 2002ರಿಂದಲೂ 300 ಪ್ರಶ್ನೆಗಳ ಪರೀಕ್ಷೆಯಲ್ಲಿ 150 ಅಂಕ ಗಳಿಸಿಯೇ ಒಳಗೆ ಬರಬೇಕಾಗಿದೆ. ಇಲ್ಲಿಯೇ ಕಲಿತವರಿಗೆ ಅಂತಹ ಒರೆಗಲ್ಲು ಏಕೆ ಬೇಡವೆಂಬದು ನಮಗೆ ತಿಳಿಯದು.

ಸಂಜೆಗೆ ಅಜ್ಜಿಗೆ ನಾವು ಹೇಳಿದ್ದಿಷ್ಟು. ಮೊಣಕಾಲಿಗೆ ಎಣ್ಣೆ, ಬಿಸಿ ಶಾಖ, ಪಥ್ಯಗಳ ವಿಚಾರವನ್ನು ಹುಡುಗನು ಓದು ಮುಗಿಸಿದ ಮೇಲೆ ಅವನಲ್ಲಿ ಕೇಳಬಹುದು. ಕಾಲು ಕೆಂಪಗೆ ಊದಿ ಜ್ವರ ಬಂದರೆ, ಮನೆಯ ಕೂಸಿಗೆ ಜ್ವರ ಮೂರು ದಿನ ಇಳಿಯದಿದ್ದರೆ, ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದರೆ ಹುಡುಗಿಯ ವಿದ್ಯೆ ಕಲಿತವರಲ್ಲಿಗೆ ತಡಮಾಡದೆ ಹೋಗಬೇಕು. ಹುಡುಗನು ತಾನೇ ತಲೆಯಾಡಿಸಿ, "ನಾನೂ ಹಂಗಽ ಹೇಳ್ತೀನಿ" ಎಂದನು. ಹುಡುಗಿಯು ಆ ಹೊತ್ತಿಗೆ ಹೊರಗೆ ಬಂದು ಕುಳಿತಿದ್ದಳು.

"ನನಗ ಓದಾಕ ಬರೂದಿಲ್ಲ. ಬೋರ್ಡಿನ ಮ್ಯಾಲೆ ಯಾವ ಡಾಕ್ಟರ ಅಂತ ಹೆಂಗ ತಿಳೀಬೇಕು?" ಎಂದು ಅಜ್ಜಿಯು ಕೇಳಿದಳು. 2024ರಲ್ಲಿ ನಮ್ಮ ರಾಜ್ಯ ಸರಕಾರವು, ಅಲೋಪಥಿಯ ದವಾಖಾನೆಗಳ ಹಲಗೆಗೆ ತಿಳಿನೀಲಿ, ಆಯುರ್ವೇದದ್ದಕ್ಕೆ ಹಸಿರು ಬಣ್ಣವಿರಬೇಕೆಂದೂ ನೋಂದಣಿಯ ಸಂಖ್ಯೆಯು ಕಾಣುವಂತಿರಬೇಕೆಂದೂ ಆಜ್ಞೆ ಮಾಡಿದ್ದನ್ನು ಹುಡುಗಿಯು ತಿಳಿಸಿದಳು. ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಸಂತೆಗೆ ಕಲಘಟಗಿಗೆ ಹೋದಾಗ ಎಷ್ಟು ಹಲಗೆಗಳಿಗೆ ಬಣ್ಣ ಬಿದ್ದಿದೆ ಎಂಬದನ್ನು ತಾನೇ ಎಣಿಸಿ ಬರುವೆನೆಂದಳು.