ಅತಿ ಕಡಿಮೆ ದರವೂ ಖರೀದಿ ಅಧಿಕಾರಿಯ ಹೊಣೆಯೂ

ಸರಕಾರದ ನಾನಾ ಹುದ್ದೆಗಳಲ್ಲಿ ಖರೀದಿ ಅಧಿಕಾರಿಯ ಹುದ್ದೆಯಷ್ಟು ಸಂಶಯಕ್ಕೆ ಗುರಿಯಾದುದು ಬಹುಶಃ ಮತ್ತೊಂದಿಲ್ಲ. ಜನಸಾಮಾನ್ಯರ ದೃಷ್ಟಿಯಲ್ಲಿ ಆತ ಕಮಿಷನ್ ಪಡೆಯುವವನು. ಲೆಕ್ಕ ಪರಿಶೋಧಕರ ದೃಷ್ಟಿಯಲ್ಲಿ ಒಂದು ಪೈಸೆಯಾದರೂ ಹೆಚ್ಚು ತೆತ್ತನೇ ಎಂದು ಹುಡುಕಿ ನೋಡಬೇಕಾದವನು. ಆತ ಕೊಂಡ ವಸ್ತು ಕೊನೆಗೆ ಯಾರ ಕೈ ಸೇರಿತು, ಅವರಿಗೆ ಹಿತವಾಯಿತೇ ಅಹಿತವಾಯಿತೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ವಿರಳ. ಸರಕಾರಿ ಆಸ್ಪತ್ರೆಗಳಿಗೆ ಔಷಧ ಕೊಳ್ಳುವ ಅಧಿಕಾರಿಯ ವಿಷಯದಲ್ಲಂತೂ ಈ ಮರೆವು ಅಪಾಯಕಾರಿಯಾದುದು. ಆರೋಗ್ಯದ ಮಾತು ಬಂದಾಗ ವೈದ್ಯರ ಕೈಗುಣವನ್ನೂ ದಾದಿಯರ ಸೇವೆಯನ್ನೂ ಎಲ್ಲರೂ ಸ್ಮರಿಸುತ್ತಾರೆ. ಆದರೆ ಔಷಧದ ಸೀಸೆ ರೋಗಿಯ ಹಾಸಿಗೆಯನ್ನು ತಲಪುವ ಎಷ್ಟೋ ತಿಂಗಳ ಮೊದಲೇ ಯಾವುದೋ ಕಡತದ ಮೇಲೆ ಒಂದು ಸಹಿ ಬಿದ್ದಿರುತ್ತದೆ. ಆ ಸಹಿಯೂ ಆರೋಗ್ಯದ ವಿಷಯವೇ ಆಗಿದೆ.

ಈ ಅಧಿಕಾರಿಯ ಕೆಲಸ ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಆಸ್ಪತ್ರೆಗಳಿಂದ ವರ್ಷದ ಬೇಡಿಕೆಯನ್ನು ತರಿಸಿಕೊಳ್ಳಬೇಕು, ಕೊಳ್ಳಬೇಕಾದ ವಸ್ತುವಿನ ಗುಣಲಕ್ಷಣಗಳನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯಬೇಕು, ಟೆಂಡರು ಪ್ರಕಟಿಸಬೇಕು. ಬಂದ ಎರಡು ಲಕೋಟೆಗಳಲ್ಲಿ ಮೊದಲನೆಯದರಿಂದ ಪೂರೈಕೆದಾರನ ಯೋಗ್ಯತೆಯನ್ನು ಪರಿಶೀಲಿಸಿ, ಯೋಗ್ಯರಾದವರ ದರದ ಲಕೋಟೆಯನ್ನಷ್ಟೇ ತೆರೆಯಬೇಕು. ಅನಂತರ ಆದೇಶ, ಉಗ್ರಾಣ, ಪರೀಕ್ಷೆ, ಪಾವತಿ, ಕಟ್ಟಕಡೆಗೆ ಲೆಕ್ಕ ಪರಿಶೋಧನೆ. ಈ ಕ್ರಮಕ್ಕೆ ಕಾನೂನಿನ ಬಲ ಒದಗಿಸಿದ ರಾಜ್ಯಗಳಲ್ಲಿ ತಮಿಳುನಾಡು ಮೊದಲನೆಯದು. ಅಲ್ಲಿಯ ಟೆಂಡರು ಪಾರದರ್ಶಕತಾ ಕಾಯಿದೆ 1998ರದು. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದು. ಕೇಂದ್ರದಲ್ಲಿ 2016ರಲ್ಲಿ ಸರಕಾರಿ ಇ-ಮಾರುಕಟ್ಟೆ ಆರಂಭವಾಯಿತು. ಮರುವರ್ಷದ ಅಕ್ಟೋಬರ್ ಕೊನೆಗೆ ಹಳೆಯ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವನ್ನು ಮುಚ್ಚಲಾಯಿತು. ಗುಟ್ಟಾಗಿ ನಡೆಯುತ್ತಿದ್ದ ವ್ಯವಹಾರವನ್ನು ಬೆಳಕಿಗೆ ತಂದ ಈ ಸುಧಾರಣೆಗಳು ಸ್ವಾಗತಾರ್ಹವೇ ಸರಿ.

ಆದರೆ ಪಾರದರ್ಶಕತೆಯ ಹೆಸರಿನಲ್ಲಿ ಒಂದು ಅಪಕಲ್ಪನೆಯೂ ಬೇರೂರಿದೆ. ಅತಿ ಕಡಿಮೆ ದರವನ್ನು ಒಪ್ಪಿದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ತಿರಸ್ಕರಿಸಿದವನು ಮಾತ್ರ ಪುಟಗಟ್ಟಲೆ ಸಮಜಾಯಿಷಿ ಬರೆಯಬೇಕು. 2018ರಲ್ಲಿ ತಿದ್ದುಪಡಿಯಾಗುವವರೆಗೆ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ, ಲಂಚ ಪಡೆಯದಿದ್ದರೂ ಸಾರ್ವಜನಿಕ ಹಿತವಿಲ್ಲದೆ ಮತ್ತೊಬ್ಬನಿಗೆ ಆರ್ಥಿಕ ಲಾಭ ದೊರಕಿಸಿದುದೇ ಅಪರಾಧವಾಗಬಹುದಾದ ಉಪಬಂಧವಿತ್ತು. ಉಪಬಂಧ ಹೋಯಿತು, ಭಯ ಉಳಿಯಿತು. ನಿವೃತ್ತಿಯ ಅಂಚಿನಲ್ಲಿರುವ, ಮಗಳ ಮದುವೆಯನ್ನೋ ಪಿಂಚಣಿಯನ್ನೋ ಎದುರು ನೋಡುತ್ತಿರುವ ಅಧಿಕಾರಿ ವಿವೇಚನೆಯನ್ನು ಬದಿಗಿಟ್ಟು ಅತಿ ಕಡಿಮೆ ದರದ ನೆರಳಿನಲ್ಲಿ ನಿಂತರೆ ಆತನೊಬ್ಬನನ್ನೇ ದೂಷಿಸಿ ಫಲವಿಲ್ಲ. ನಿಯಮಗಳಾದರೋ ಹಾಗೆ ಹೇಳುವುದಿಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಮಿತವ್ಯಯದ ಜೊತೆಗೇ ದಕ್ಷತೆಯನ್ನೂ ಪಾರದರ್ಶಕತೆಯನ್ನೂ ಕೊಳ್ಳುವವನ ಹೊಣೆಯೆಂದು ವಿಧಿಸಿವೆ. ವಸ್ತುವಿನ ಗುಣಮಟ್ಟವನ್ನು ಸ್ಪಷ್ಟವಾಗಿ ನಮೂದಿಸಬೇಕೆಂದೂ ಹೇಳಿವೆ. ದರವೊಂದನ್ನೇ ಹಿಡಿದುಕೊಂಡುದು ರೂಢಿಯ ದೋಷ.

ಈ ರೂಢಿಯ ಬೆಲೆ ಎಷ್ಟೆಂಬುದನ್ನು ಮುಂಬಯಿಯ ಹಿರಿಯ ಕನ್ನಡಿಗರು ಬಲ್ಲರು. 1986ರ ಜನವರಿ-ಫೆಬ್ರವರಿಯಲ್ಲಿ ಅಲ್ಲಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಸೇವಿಸಿದ 14 ಮಂದಿ ರೋಗಿಗಳು ಮೃತಪಟ್ಟರು. ಔಷಧದ ಗ್ಲಿಸರಾಲ್ ಇರಬೇಕಾದಲ್ಲಿ ಕೈಗಾರಿಕೆಯ ಬಳಕೆಯ ಗ್ಲಿಸರಾಲ್ ಬಂದಿತ್ತು. ಅದರಲ್ಲಿ ಮೂತ್ರಪಿಂಡಗಳನ್ನು ಕೆಡಿಸುವ ಡೈಎಥಿಲೀನ್ ಗ್ಲೈಕಾಲ್ ಬೆರೆತಿತ್ತು. ಈ ವಿಷ ಅಪರಿಚಿತವೇನೂ ಆಗಿರಲಿಲ್ಲ. 1937ರಲ್ಲೇ ಅಮೆರಿಕದಲ್ಲಿ ಇದೇ ವಸ್ತು ಸೇರಿದ ಔಷಧ ನೂರಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತ್ತು. ನ್ಯಾಯಮೂರ್ತಿ ಲೆಂಟಿನ್ ಅವರ ವಿಚಾರಣಾ ಆಯೋಗವು ಔಷಧ ನಿಯಂತ್ರಣ ಇಲಾಖೆಯನ್ನೂ ಆಸ್ಪತ್ರೆಯ ಆಡಳಿತವನ್ನೂ ಟೀಕಿಸಿತು, ಮಂತ್ರಿಗಳನ್ನೂ ಬಿಡಲಿಲ್ಲ. ತಯಾರಕನ ಪರವಾನಗಿಯಿಂದ ಆಸ್ಪತ್ರೆಯ ಉಗ್ರಾಣದವರೆಗೆ ಎಷ್ಟು ಬಾಗಿಲುಗಳಿದ್ದುವೋ ಅವುಗಳಲ್ಲಿ ಒಂದಾದರೂ ಸಕಾಲದಲ್ಲಿ ಮುಚ್ಚಿದ್ದರೆ ಆ ಸೀಸೆ ವಾರ್ಡನ್ನು ಸೇರುತ್ತಿರಲಿಲ್ಲ.

ಅದು ಹಳೆಯ ಕಥೆಯೆಂದು ಸಮಾಧಾನ ಪಡುವಂತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಮೂಲಕ ಹೆರಿಗೆಯಾದ ಬಾಣಂತಿಯರಲ್ಲಿ ಐವರು ಅಸುನೀಗಿದರು. ಅವರಿಗೆ ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದಿತು. ಅದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಕೊಂಡ ದ್ರಾವಣ. ಆ ಪೂರೈಕೆದಾರನ ಕೆಲವು ಬ್ಯಾಚುಗಳು ಮೊದಲೇ ರಾಜ್ಯದ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿದ್ದುವೆಂದೂ, ಮೇಲ್ಮನವಿಯಲ್ಲಿ ಕೇಂದ್ರದ ಪ್ರಯೋಗಾಲಯ ಕೆಲವನ್ನು ಯೋಗ್ಯವೆಂದು ಹೇಳಿತೆಂದೂ ಸರಕಾರವೇ ತಿಳಿಸಿತು. ಔಷಧ ನಿಯಂತ್ರಕರ ಅಮಾನತೂ ಆಯಿತು. ಹೊಟ್ಟೆಪಾಡಿಗಾಗಿ ದೂರದ ನಗರಗಳಲ್ಲಿ ನೆಲಸಿರುವ ಎಷ್ಟೋ ಕನ್ನಡಿಗರ ಅಕ್ಕತಂಗಿಯರು ಹೆರಿಗೆಗೆ ಸೇರುವುದು ಇಂತಹ ಜಿಲ್ಲಾ ಆಸ್ಪತ್ರೆಗಳಿಗೇ. ಒಂದೆಡೆ ಫೇಲಾದ, ಇನ್ನೊಂದೆಡೆ ಪಾಸಾದ ಸರಕು ಎದುರಿಗಿರುವಾಗ ಖರೀದಿ ಅಧಿಕಾರಿ ಯಾವುದನ್ನು ನಂಬಬೇಕು? ಸಂಶಯವಿರುವಲ್ಲಿ ರೋಗಿಯ ಪಕ್ಷವನ್ನೇ ಹಿಡಿಯಬೇಕು. ಬೇರೆಡೆಯಿಂದ ಕೊಳ್ಳುವ ವೆಚ್ಚ ಎಷ್ಟೇ ಆಗಲಿ, ಆ ಐದು ತೊಟ್ಟಿಲುಗಳ ಎದುರು ಅದನ್ನು ವೆಚ್ಚವೆನ್ನಲಾಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಮಾನಕ್ಕಿಂತಲೂ ಪ್ರಾಣಕ್ಕೆ ಹೆಚ್ಚು ಒಪ್ಪುತ್ತದೆ.

ಹಾಗಾದರೆ ಅಗ್ಗವೂ ಸುರಕ್ಷಿತವೂ ಆದ ಖರೀದಿ ಅಸಾಧ್ಯವೇ? ಅಲ್ಲವೆಂಬುದಕ್ಕೆ ಮದರಾಸಿನ ಕನ್ನಡಿಗರಿಗೆ ಪರಿಚಿತವಾದ ಉದಾಹರಣೆಯೇ ಸಾಕು. 1994ರಲ್ಲಿ ಸ್ಥಾಪನೆಯಾಗಿ ಮರುವರ್ಷ ಕೆಲಸ ಆರಂಭಿಸಿದ ತಮಿಳುನಾಡು ವೈದ್ಯಕೀಯ ಸೇವೆಗಳ ನಿಗಮವು ಔಷಧಗಳನ್ನು ಇಡೀ ರಾಜ್ಯಕ್ಕೆ ಒಟ್ಟಾಗಿ ಕೊಂಡು ದರವನ್ನು ಇಳಿಸಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಸರಕು ಜಿಲ್ಲೆಯ ಉಗ್ರಾಣಕ್ಕೆ ಬಂದೊಡನೆ ಬ್ಯಾಚಿನಿಂದ ಮಾದರಿ ತೆಗೆದು, ತಯಾರಕನ ಹೆಸರು ತಿಳಿಯದಂತೆ ಸಂಕೇತ ಸಂಖ್ಯೆ ಕೊಟ್ಟು ಪ್ರಯೋಗಾಲಯಕ್ಕೆ ಕಳುಹಿಸುವ ಕ್ರಮವನ್ನು ತಂದಿತು. ಫಲಿತಾಂಶ ಬಂದ ಮೇಲೆಯೇ ಆಸ್ಪತ್ರೆಗೆ ವಿತರಣೆ. ಪ್ರತಿ ಆಸ್ಪತ್ರೆಗೂ ಬ್ಯಾಂಕಿನದರಂತೆ ಒಂದು ಪಾಸ್‌ಬುಕ್. ಅದರಲ್ಲಿರುವ ಮೊತ್ತದ ಮಿತಿಯೊಳಗೆ ವೈದ್ಯಾಧಿಕಾರಿ ತನಗೆ ಬೇಕಾದ ಔಷಧವನ್ನು ಉಗ್ರಾಣದಿಂದ ಪಡೆಯಬಹುದು. ಎಲ್ಲಿ ಎಷ್ಟು ಖರ್ಚಾಯಿತು, ಏನು ಉಳಿಯಿತು ಎಂಬುದು ಅಲ್ಲಿಯೇ ಕಾಣುತ್ತದೆ. ಇದೇ ಮಾದರಿಯನ್ನು ಮುಂದೆ ಕೇರಳ, ರಾಜಸ್ಥಾನಗಳೂ ಅನುಸರಿಸಿದುವು.

ಅಧಿಕಾರಿಗೆ ವಿವೇಚನೆ ಕೊಟ್ಟರೆ ಪಕ್ಷಪಾತ ಮರಳಿ ತಲೆಯೆತ್ತೀತೆಂಬ ಆಕ್ಷೇಪವುಂಟು. ಅದು ನಿರಾಧಾರವಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ದರವನ್ನು ತನ್ನಿಷ್ಟದಂತೆ ಆರಿಸುವ ಸ್ವಾತಂತ್ರ್ಯವನ್ನಲ್ಲ. ಉಗ್ರಾಣದ ಬಾಗಿಲಲ್ಲಿ 'ಇದು ಬೇಡ' ಎನ್ನುವ ಅಧಿಕಾರವನ್ನು. ರಕ್ತನಾಳಕ್ಕೆ ಕೊಡುವ ದ್ರಾವಣ ಸೂಕ್ಷ್ಮಾಣುಗಳಿಂದ ಮುಕ್ತವೇ ಎಂಬ ಪರೀಕ್ಷೆಗೆ 14 ದಿನ ಬೇಕು. ವಾರ್ಡಿನಿಂದ ಪ್ರತಿದಿನ ಬೇಡಿಕೆ ಬರುತ್ತಿರುವಾಗ ಆ 14 ದಿನ ಕಾಯುವ ಧೈರ್ಯ ಅಧಿಕಾರಿಗಿರಬೇಕು. ಕಾಯಲು ಸಾಧ್ಯವಾಗುವಷ್ಟು ದಾಸ್ತಾನನ್ನು ಮುಂಚಿತವಾಗಿ ಕೊಳ್ಳುವ ದೂರದೃಷ್ಟಿ ಇಲಾಖೆಗಿರಬೇಕು. ಕೊರತೆ ಬಂದ ದಿನ ಆತುರದಲ್ಲಿ ಕೊಂಡ ಸರಕೇ ಎಲ್ಲಕ್ಕಿಂತ ಅಪಾಯಕರ.

ವಾಣಿಜ್ಯ ಬಲ್ಲವರೆಲ್ಲ ಒಪ್ಪುವ ಮತ್ತೊಂದು ಮಾತಿದೆ. ಹಣ ತಡವಾಗಿ ಕೊಡುವವನಿಗೆ ಒಳ್ಳೆಯ ಮಾಲು ಸಿಗದು. ಸಣ್ಣ ಪೂರೈಕೆದಾರರಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆ ವಿಧಿಸಿದೆ. ಬಿಲ್ಲುಗಳು ತಿಂಗಳುಗಟ್ಟಲೆ ಕೊಳೆಯುವ ಕಚೇರಿಯಿಂದ ಪ್ರಾಮಾಣಿಕ ತಯಾರಕ ದೂರ ಸರಿಯುತ್ತಾನೆ. ಉಳಿಯುವವನು ತಡವಾದ ಬಡ್ಡಿಯನ್ನು ದರದಲ್ಲಿ ಸೇರಿಸಿಕೊಳ್ಳುತ್ತಾನೆ, ಇಲ್ಲವೆ ಸರಕಿನಲ್ಲಿ ಕಳೆದುಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಉತ್ತೀರ್ಣವಾದ ಸರಕಿಗೆ ತಡವಿಲ್ಲದೆ ಹಣ, ಅನುತ್ತೀರ್ಣವಾದುದಕ್ಕೆ ಚಿಕ್ಕಾಸೂ ಇಲ್ಲ ಎಂಬ ನಿಯಮ ಪಾಲನೆಯಾದರೆ ಅರ್ಧ ರೋಗ ವಾಸಿಯಾದಂತೆ.

ಆದುದರಿಂದ ಖರೀದಿ ಅಧಿಕಾರಿಯನ್ನು ಅಳೆಯುವ ಮಾನದಂಡವೇ ಬದಲಾಗಬೇಕು. ಎಷ್ಟು ಉಳಿಸಿದನೆಂಬುದರ ಜೊತೆಗೆ, ಆತ ಕೊಂಡ ಬ್ಯಾಚುಗಳಲ್ಲಿ ಎಷ್ಟು ಅನುತ್ತೀರ್ಣವಾದುವು, ಅವನ್ನು ಎಷ್ಟು ದಿನಗಳಲ್ಲಿ ಹಿಂದೆ ಪಡೆಯಲಾಯಿತು, ಎಷ್ಟು ದಿನ ಔಷಧವಿಲ್ಲದೆ ರೋಗಿಗಳು ಮರಳಿದರು ಎಂಬುದೂ ಲೆಕ್ಕ ಪರಿಶೋಧನೆಯ ವರದಿಯಲ್ಲಿ ಬರಬೇಕು. ಕಾರಣವನ್ನು ಬರೆದು ಕೆಟ್ಟ ಸರಕನ್ನು ನಿರಾಕರಿಸಿದ ಅಧಿಕಾರಿಗೆ ಮೇಲಿನವರು ಬೆಂಬಲವಾಗಿ ನಿಲ್ಲಬೇಕು. ನಾಗರಿಕರ ಪಾಲಿನ ಕರ್ತವ್ಯವೂ ಇಲ್ಲದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಔಷಧದ ಹೆಸರು, ತಯಾರಕ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ಗುರುತು ಹಾಕಿಕೊಳ್ಳುವುದು ಕಷ್ಟದ ಕೆಲಸವಲ್ಲ. ಅದರ ಪರೀಕ್ಷಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಕನ್ನಡ ಸಂಘಗಳು ಆರೋಗ್ಯ ಶಿಬಿರಗಳನ್ನು ನಡೆಸುವಾಗ ಇಷ್ಟನ್ನು ತಿಳಿಯಪಡಿಸಿದರೂ ಉಪಕಾರವಾದೀತು. ಕೇಳುವವರಿದ್ದಾರೆಂದು ತಿಳಿದಾಗ ಅಪ್ರಾಮಾಣಿಕ ಅಧಿಕಾರಿ ಎಚ್ಚರಗೊಳ್ಳುತ್ತಾನೆ. ಪ್ರಾಮಾಣಿಕ ಅಧಿಕಾರಿಗಾದರೋ 'ಬೇಡ' ಎಂದು ಬರೆಯಲು ಧೈರ್ಯ ಬರುತ್ತದೆ.