ಮನೆ ಊರಲ್ಲಿ, ಇಲ್ಲಿ ಬರೀ ರೂಮು!

ಮುಂಬಯಿ ಕನ್ನಡಿಗರಾದ ನಮ್ಮ ಮಾತಿನಲ್ಲಿ ಒಂದು ವೈಚಿತ್ರ್ಯವಿದೆ. ಸಂಜೆ ಕಚೇರಿ ಬಿಟ್ಟು ಲೋಕಲ್ ಹಿಡಿಯುವಾಗ ನಾವು "ರೂಮಿಗೆ ಹೊರಟೆ" ಎನ್ನುತ್ತೇವೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ಹತ್ತುವಾಗ ಮಾತ್ರ "ಮನೆಗೆ ಹೊರಟೆವು" ಎನ್ನುತ್ತೇವೆ. ವರ್ಷದ 365 ದಿನಗಳಲ್ಲಿ 345 ದಿನ ಉಂಡು, ಮಲಗಿ, ಮಕ್ಕಳನ್ನು ಬೆಳೆಸುವ ಸ್ಥಳ ರೂಮು. ಉಳಿದ ಇಪ್ಪತ್ತು ದಿನ ನೆಂಟರಂತೆ ಇದ್ದು ಬರುವ ಸ್ಥಳ ಮನೆ! ಇದು ಬರೀ ಮಾತಿನ ರೂಢಿ ಎಂದು ನಾವೂ ಬಹುಕಾಲ ತಿಳಿದಿದ್ದೆವು. ಈಚೆಗೆ ಹೊನ್ನಾವರದಿಂದ ನಮ್ಮ ಭಾವನವರು ಫೋನ್ ಮಾಡಿದಾಗ ಹತ್ತು ವರ್ಷದ ನಮ್ಮ ಮಗ, "ಅಪ್ಪ ಇನ್ನೂ ರೂಮಿಗೆ ಬರ್ಲಿಲ್ಲ ಮಾವ. ನೀವು ಮನೇಲಿದ್ದೀರಾ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಹುಡುಗ ಹುಟ್ಟಿದ್ದು ಇಲ್ಲಿ, ನಡೆಯಲು ಕಲಿತದ್ದು ಇಲ್ಲಿ. ಆದರೂ ಅವನಿಗೆ ಈ ಊರಿನಲ್ಲಿ ಮನೆಯೆಂಬುದಿಲ್ಲ! ಅದನ್ನು ಅವನಿಗೆ ಇಲ್ಲವಾಗಿಸಿದವರು ನಾವೇ ಎಂಬುದು ಆ ದಿನ ಹೊಳೆಯಿತು. ಈ ಲೇಖನಕ್ಕೆ ಅದೇ ಕಾರಣ.

ಈ ರೂಮು ಎಂಬ ಮಾತು ಒಂದು ಕಾಲಕ್ಕೆ ನ್ಯಾಯವಾದದ್ದೇ. ನಮ್ಮ ಹಿರಿಯರು ಮುಂಬಯಿಗೆ ಬಂದದ್ದು ಒಂಟಿಯಾಗಿ. ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಅಲ್ಲಿಯೇ ಮೇಜು ಸರಿಸಿ ಮಲಗಿದರು. ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿದರು. ಗುಮಾಸ್ತರಾಗಿ ಬಂದವರು ನಾಲ್ಕಾರು ಜನ ಸೇರಿ ಒಂದು ಖೋಲಿ ಹಿಡಿದು, ಊಟಕ್ಕೆ ಬೋರ್ಡಿಂಗುಗಳನ್ನು ನೆಚ್ಚಿದರು. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾದದ್ದೇ ಇಂಥ ಕಾಲದಲ್ಲಿ. ಅವರ ಹೆಂಡತಿ ಮಕ್ಕಳು, ಗದ್ದೆ ದನಕರು ಎಲ್ಲ ಊರಿನಲ್ಲಿ. ಅವರಿಗೆ ಇಲ್ಲಿದ್ದದ್ದು ನಿಜಕ್ಕೂ ರೂಮೇ. ಆದರೆ ಆಮೇಲೆ ಹೆಂಗಸರು ಬಂದರು, ಒಲೆ ಹೂಡಿದರು, ಮಕ್ಕಳು ಹುಟ್ಟಿದರು, ಮೊಮ್ಮಕ್ಕಳೂ ಆದರು. ಎಲ್ಲ ಬದಲಾಯಿತು, ಗಂಡಸರ ಮನಸ್ಸಿನಲ್ಲಿ ಆ ಬ್ರಹ್ಮಚಾರಿಯ ಖೋಲಿ ಮಾತ್ರ ಹಾಗೆಯೇ ಉಳಿಯಿತು.

ನಮ್ಮದೇ ಕಥೆ ಹೇಳಿಬಿಡುತ್ತೇವೆ. ನಾವು ಕೇಂದ್ರ ಸರ್ಕಾರದ ನೌಕರರು. ಸೇವೆಗೆ ಸೇರಿದ ಹೊಸತರಲ್ಲಿಯೇ ಸೇವಾ ಪುಸ್ತಕದಲ್ಲಿ 'ಹೋಮ್ ಟೌನ್' ಯಾವುದೆಂದು ಬರೆಸಬೇಕು; ಎಲ್.ಟಿ.ಸಿ. ರಜಾ ಪ್ರಯಾಣಕ್ಕೆ ಅದೇ ಆಧಾರ. ಬರೆಸಿದ್ದನ್ನು ಸೇವಾವಧಿಯಲ್ಲಿ ಸಾಮಾನ್ಯವಾಗಿ ಒಂದೇ ಸಲ ಬದಲಿಸಬಹುದು. ನಾವು ಕುಮಟಾ ಎಂದು ಬರೆಸಿದೆವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸರ್ಕಾರ ಪ್ರಯಾಣದ ಖರ್ಚಿಗೆಂದು ಕೇಳಿದ್ದನ್ನು ನಾವು ಬಾಳಿನ ನಿಯಮವೆಂದೇ ತಿಳಿದೆವು. ಮೂಲವೇತನದ ಶೇಕಡಾ 30ರಷ್ಟು ಬಾಡಿಗೆ ಭತ್ಯೆಯನ್ನು ತಿಂಗಳು ತಿಂಗಳೂ ಬಿಟ್ಟುಕೊಟ್ಟು ಇರುವ ಕ್ವಾರ್ಟರ್ಸಿನಲ್ಲಿ, "ಇದು ನಮ್ಮದಲ್ಲವಲ್ಲ" ಎಂದು ಹನ್ನೊಂದು ವರ್ಷ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಆಯಿಯ ಫೋಟೋ ಅಷ್ಟೂ ವರ್ಷ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿತ್ತು. ಕಿಟಕಿಗೆ ಪರದೆಯೆಂದರೆ ಹಳೆಯ ಸೀರೆ. ಬಲ್ಬು ಅತಿ ಅಗ್ಗದ್ದು. ಉಳಿಸಿದ ಹಣವೆಲ್ಲ ಊರಿನ ಮನೆಯ ಸ್ಲ್ಯಾಬಿಗೆ, ಗ್ರಾನೈಟಿಗೆ, ಗೇಟಿಗೆ ಹೋಯಿತು.

ಆ ಊರಿನ ಮನೆಯಲ್ಲಿ ಈಗ ಯಾರಿದ್ದಾರೆ? ಯಾರೂ ಇಲ್ಲ. ಬೀಗದ ಕೈ ನೆರೆಮನೆಯವರ ಹತ್ತಿರ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಗೆ ಮುಚ್ಚಿದ ಮನೆ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. ಬಾಗಿಲು ಉಬ್ಬಿ ಅಂಟಿಕೊಳ್ಳುತ್ತದೆ, ಹಾಸಿಗೆಗೆ ಬೂಸರು, ಮರಕ್ಕೆ ಒರಲೆ. ರಜೆಗೆಂದು ಹೋದ ಹೆಂಗಸರಿಗೆ ಮೊದಲ ನಾಲ್ಕು ದಿನ ಗುಡಿಸಿ ಒರೆಸುವುದರಲ್ಲಿ, ಕೊನೆಯ ಎರಡು ದಿನ ಎಲ್ಲ ಮುಚ್ಚಿಡುವುದರಲ್ಲಿ ಕಳೆಯುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ರಸ್ತೆಯ ಎರಡೂ ಬದಿಗೆ ಇಂಥ ಬೀಗ ಹಾಕಿದ ಚಂದದ ಮನೆಗಳನ್ನು ಯಾರು ನೋಡಿಲ್ಲ? ಆ ಮನೆಗಳ ಯಜಮಾನರು ಡೊಂಬಿವಲಿಯಲ್ಲಿಯೋ ನಾಲಾಸೋಪಾರಾದಲ್ಲಿಯೋ ಟ್ರಂಕುಗಳ ನಡುವೆ ಕಾಲು ಮಡಚಿಕೊಂಡು ಮಲಗುತ್ತಾರೆ. ಮನುಷ್ಯರಿಲ್ಲದ ಕಡೆ ಆರು ಕೋಣೆ, ಮನುಷ್ಯರಿರುವ ಕಡೆ ಕಾಲು ಚಾಚಲು ಜಾಗವಿಲ್ಲ. ಇದು ಯಾವ ಲೆಕ್ಕಾಚಾರ?

"ಮುಂಬಯಿಯಲ್ಲಿ ಜಾಗ ಎಲ್ಲಿದೆ ಸ್ವಾಮಿ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಟೆಯಲ್ಲ. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಖೋಲಿ 160 ಚದರ ಅಡಿಯದು. ಅದರಲ್ಲಿ ಎಂಟು ಹತ್ತು ಜನ ಬಾಳಿದ ಸಂಸಾರಗಳಿವೆ. ಅಂಥ ಇಕ್ಕಟ್ಟನ್ನು ಹಾಡಿ ಹೊಗಳುವ ಉದ್ದೇಶ ನಮಗಿಲ್ಲ, ಇಕ್ಕಟ್ಟು ಕಷ್ಟವೇ. ವರಳಿಯ ಚಾಳಿನವರಿಗೆ 2025ರಿಂದ 500 ಚದರ ಅಡಿಯ ಹೊಸ ಮನೆಗಳು ಸಿಗತೊಡಗಿದ್ದು ಸಂತೋಷದ ಸಂಗತಿ. ಆದರೆ ಇರುವ ಜಾಗವನ್ನು ನಾವು ಯಾರಿಗೆ ಕೊಟ್ಟಿದ್ದೇವೆ ಎಂಬುದು ಬೇರೆಯೇ ಪ್ರಶ್ನೆ. ಮಾಳಿಗೆಯ ಮೇಲೆ ಮಗಳ ಮದುವೆಗೆಂದು ಕೂಡಿಟ್ಟ ಸ್ಟೀಲ್ ಪಾತ್ರೆ. ಮಂಚದ ಕೆಳಗೆ ಊರಿಗೆ ಒಯ್ಯಲಿರುವ ಮಿಕ್ಸರು, ಹಳೆಯ ಟಿ.ವಿ.; ಗಾಜಿನ ಶೋಕೇಸಿನಲ್ಲಿ ನೆಂಟರಿಗೆಂದು ಇಟ್ಟ ಕಪ್ಪು ಬಸಿಗಳು; ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ. ಓದಲು ಕೂರುವ ಮಗು ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ! ನೆಮ್ಮದಿಗೆ ಅಡ್ಡಿಯಾದದ್ದು ಚದರ ಅಡಿಯೊಂದೇ ಅಲ್ಲ. ಎಂದೋ ಬರಲಿರುವ ದಿನಕ್ಕಾಗಿ ಇಂದಿನವರನ್ನು ಮೂಲೆಗೆ ತಳ್ಳುವ ನಮ್ಮ ಬುದ್ಧಿ.

ನಾವು ಬಿ.ಎಸ್‌ಸಿ. ಓದಿದವರು. ಗಾಳಿ ಆಡಬೇಕಾದರೆ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಬೇಕೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು. ಅಂಥ ನಮ್ಮ ಮನೆಯಲ್ಲಿ ಎದುರುಬದುರಿನ ಎರಡು ಕಿಟಕಿಗಳಲ್ಲಿ ಒಂದಕ್ಕೆ ಕಬ್ಬಿಣದ ಕಪಾಟು ಅಡ್ಡವಾಗಿ ನಿಂತಿತ್ತು. ಅದರೊಳಗೆ ಇದ್ದದ್ದು ಊರಿನ ಮನೆಗೆಂದು ಕೊಂಡ ಚಾದರಗಳು. ಮಗನ ಫೋನಿನ ಮಾತು ಕೇಳಿದ ಭಾನುವಾರವೇ ಕಪಾಟು ಸರಿಸಿದೆವು, ಚಾದರಗಳನ್ನು ಹಾಸಿಕೊಂಡೆವು. ಈಗ ಸಂಜೆ ಐದರವರೆಗೆ ಟ್ಯೂಬ್‌ಲೈಟ್ ಬೇಡ. ಮಳೆಗಾಲದಲ್ಲಿ ಒಳಗೆ ಒಣಹಾಕಿದ ಬಟ್ಟೆಯ ಮುಗ್ಗಲು ವಾಸನೆಯೂ ಕಡಿಮೆ. ಇದಕ್ಕೆ ಖರ್ಚಾದದ್ದು ಒಂದು ಬೆಳಗಿನ ಬೆವರು ಮಾತ್ರ. ನೆಮ್ಮದಿಗೆಂದು ವಾಸ್ತು ಪಂಡಿತರಿಗೆ ದಕ್ಷಿಣೆ ಕೊಟ್ಟು ಬಾಗಿಲ ದಿಕ್ಕು ಕೇಳುವ ಮಿತ್ರರು ಮೊದಲು ತಮ್ಮ ಕಿಟಕಿಗೆ ಏನು ಅಡ್ಡವಿದೆಯೆಂದು ನೋಡಲಿ.

ಇನ್ನೊಂದು ಆಕ್ಷೇಪ: "ಬಾಡಿಗೆ ಮನೆ. ಹನ್ನೊಂದು ತಿಂಗಳ ಕರಾರು. ಅದಕ್ಕೇಕೆ ಸುರಿಯಬೇಕು?" ಒಪ್ಪೋಣ. ಕರಾರು ಹನ್ನೊಂದು ತಿಂಗಳದ್ದು. ಆದರೆ ಮಕ್ಕಳ ಬಾಲ್ಯವನ್ನು ಹನ್ನೊಂದು ತಿಂಗಳ ಮೇಲೆ ನವೀಕರಿಸಿಕೊಳ್ಳಲು ಬರುತ್ತದೆಯೇ? ಹತ್ತರ ಹುಡುಗ ಮತ್ತೆ ಹತ್ತರವನಾಗುತ್ತಾನೆಯೇ? ಮೇಲಾಗಿ ಸುರಿಯಿರೆಂದು ಹೇಳುವವರು ಯಾರು? ಒಂದು ಮೇಜು, ಅದರ ಮೇಲೊಂದು ದೀಪ, ಕಿಟಕಿಯಲ್ಲಿ ಒಂದು ದೊಡ್ಡಪತ್ರೆಯ ಕುಂಡ - ಮನೆ ಬದಲಿಸಿದರೆ ಇವೂ ನಮ್ಮೊಡನೆ ಟೆಂಪೋ ಹತ್ತುತ್ತವೆ.

ಈಗ ನಮ್ಮ ಗಂಡಸರಿಗೆ ತುಸು ಕಹಿಯಾಗುವ ಮಾತು. ಮನೆಯನ್ನು ರೂಮೆಂದು ಕರೆಯುವವನು ಅದರಲ್ಲಿ ಲಾಡ್ಜಿನ ಗಿರಾಕಿಯಂತೆಯೇ ಇರುತ್ತಾನೆ. ಬಂದ, ಕೈಕಾಲು ತೊಳೆದ, ಚಹಾ ಬೇಕೆಂದ, ಟಿ.ವಿ. ಹಾಕಿದ ಅಥವಾ ಮೊಬೈಲು ಹಿಡಿದ, "ಮನೆಯಲ್ಲಿ ಸ್ವಲ್ಪ ಶಾಂತಿ ಇಲ್ಲವಲ್ಲ" ಎಂದು ಗೊಣಗಿದ. ಅದೇ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ನಿಂತು ಬಂದ ಹೆಂಡತಿ ಸೆರಗು ಸಿಕ್ಕಿಸಿ ನೇರವಾಗಿ ಒಲೆಯ ಮುಂದೆ ನಿಂತಿದ್ದಾಳೆ. ಆ ಶಾಂತಿಯನ್ನು ಬಡಿಸಬೇಕಾದವಳು ಅವಳೊಬ್ಬಳೇ ಏನು? ನಾವೂ ಈ ಸಾಲಿನಲ್ಲಿ ಇದ್ದವರೇ. ಸಾಚಾತನದ ಸೋಗು ಬೇಡ. ಈಗ ರಾತ್ರಿಯ ಅನ್ನ, ಸಾರು, ಪಾತ್ರೆ ನಮ್ಮ ಪಾಲಿಗೆ. ಪಲ್ಯ, ಮರುದಿನದ ಡಬ್ಬಿ ನಮ್ಮ ಮನೆಯವರ ಪಾಲಿಗೆ. ಸಾರಿಗೆ ಉಪ್ಪು ಹೆಚ್ಚಾದ ದಿನಗಳು ಉಂಟು. ಆದರೆ ಎಂಟೂವರೆಗೆ ನಾಲ್ವರೂ ಒಟ್ಟಿಗೆ ಕೂತು, ಟಿ.ವಿ., ಮೊಬೈಲು ಆರಿಸಿ, ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುತ್ತಾ ಉಣ್ಣುತ್ತೇವೆ. ಮಗಳು ಕಾಲೇಜಿನ ಸಂಗತಿ ಹೇಳತೊಡಗಿದ್ದು ಆಮೇಲೆಯೇ. ಅದಕ್ಕೆ ಮೊದಲು ಅವಳಿಗೆ ಹೇಳಲು ಏನೂ ಇಲ್ಲವೆಂದೇ ನಾವು ತಿಳಿದಿದ್ದೆವು!

ಊರನ್ನು ಮರೆಯಿರೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಪ್ಪು ತಿಳಿಯಬಾರದು. ಅಲ್ಲಿ ವಯಸ್ಸಾದ ತಾಯಿತಂದೆಯರಿದ್ದರೆ ಸೂರು ಗಟ್ಟಿಯಾಗಿಡುವುದು ಧರ್ಮ. ಕುಲದೇವರ ಹಬ್ಬಕ್ಕೆ ಹೋಗಲೇಬೇಕು. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ದಶಕಗಟ್ಟಲೆ ಮುಂಬಯಿಯಲ್ಲಿ ಬಾಳಿದರು. ಹನೇಹಳ್ಳಿಯನ್ನು ಕಥೆಗಳಲ್ಲಿ ಉಳಿಸಿದರು. 1979ರ 'ಶಿಕಾರಿ'ಯಲ್ಲಿ ಈ ಮುಂಬಯಿಯನ್ನೂ ಬರೆದರು. ಊರು ನೆನಪಿನಲ್ಲಿ ಇರಲು ಇಲ್ಲಿಯ ಬಾಳು ಬರಿದಾಗಿ ಇರಬೇಕೆಂಬ ಕರಾರೇನೂ ಇಲ್ಲ. ಅಷ್ಟೇ ಅಲ್ಲ, ಇಲ್ಲಿಯ ಮನೆಯಲ್ಲಿ ಸುಖ ಕಾಣದ ಮಕ್ಕಳು ನಾಳೆ ಊರಿನ ಮನೆಯ ಬೀಗ ತೆಗೆಯಲು ಬರುತ್ತಾರೆಯೇ? ಅವರಿಗೆ ಅದು ಅಪ್ಪ ತಮ್ಮ ಪಾಲಿನದನ್ನೆಲ್ಲ ಕೊಂಡೊಯ್ದು ಸುರಿದ ಸ್ಥಳವಾಗಿ ಕಾಣುತ್ತದೆ. ಮಾರಿಬಿಡುತ್ತಾರೆ, ಅಷ್ಟೇ. ನಿವೃತ್ತಿಯಾದ ಮೇಲೆ ಸುಖವಾಗಿ ಬಾಳುತ್ತೇವೆಂದು ಕಾದ ನಾವಿಬ್ಬರು ಆ ಆರು ಕೋಣೆಗಳಲ್ಲಿ ಯಾರೊಡನೆ ಬಾಳುವುದು?

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಈ ತಿಂಗಳೇ ಶೋಕೇಸಿನ ಕಪ್ಪುಗಳನ್ನು ಇಳಿಸಿ ಮನೆಮಂದಿ ಅವುಗಳಲ್ಲಿ ಚಹಾ ಕುಡಿಯಲಿ, ಒಡೆದರೆ ಒಡೆಯಲಿ. ಮಕ್ಕಳಿಗೆ ಒಂದು ಮೂಲೆ ಅವರದೇ ಎಂದು ಬಿಟ್ಟುಕೊಡಿ. ಊರಿಗೆಂದು ಕಟ್ಟಿಟ್ಟದ್ದರಲ್ಲಿ ಅರ್ಧ ಬಿಚ್ಚಿ. ಒಂದು ಮೊಳೆ ಹೊಡೆಯಿರಿ. ನಮ್ಮ ಆಯಿಯ ಫೋಟೋ ಈಗ ಹಾಲಿನ ಗೋಡೆಯ ಮೇಲಿದೆ. ಕ್ವಾರ್ಟರ್ಸು ಬಿಡುವ ದಿನ ಆ ತೂತಿಗೆ ಚಿಟಿಕೆ ಪುಟ್ಟಿ ತುಂಬಿದರಾಯಿತು.

ಮತ್ತೆ, ನಾಳೆ ಸಂಜೆ ದಾದರಿನಲ್ಲಿ ಮಿತ್ರರು "ಎಲ್ಲಿಗೆ ಹೊರಟಿರಿ?" ಎಂದರೆ "ಮನೆಗೆ" ಎಂದು ಹೇಳಿ. ನಾವು ಹೇಳತೊಡಗಿ ನಾಲ್ಕು ತಿಂಗಳಾಯಿತು. ನಾಲಗೆ ಇನ್ನೂ ತಪ್ಪುತ್ತದೆ. ಆಗ ಮಗನೇ ತಿದ್ದುತ್ತಾನೆ.