ಕೆಂಪು ಜೋಳ ತಿಂದವರ ಇತಿಹಾಸ ಬರೆಯಿಸಿ: ಬಾಗಲಕೋಟೆ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ



ನಾನು ಜಮಖಂಡಿಯವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಪ್ರತಿ ವರ್ಷ ಶೀತಲ ಸಮರದ ಪಾಠ ಬಂದಾಗ ಹಲಗೆಯ ಮೇಲೆ ಇಸವಿಗಳನ್ನು ಬರೆಯುತ್ತಿದ್ದೆ: 1949 ನೇಟೋ, 1955 ವಾರ್ಸಾ ಒಪ್ಪಂದ, 1962 ಕ್ಯೂಬಾ, 1989 ಬರ್ಲಿನ್ ಗೋಡೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅಮೆರಿಕ ಮತ್ತು ರಷ್ಯದ ಆ ಪೈಪೋಟಿಯನ್ನು ನಾನು ಚಿಕ್ಕವನಿದ್ದಾಗ ರೊಟ್ಟಿ ಮಾಡಿಕೊಂಡು ತಿಂದಿದ್ದೇನೆ ಎಂದು ಒಮ್ಮೆಯೂ ಅವರಿಗೆ ಹೇಳಲಿಲ್ಲ. ಆ ತಪ್ಪು ನನ್ನನ್ನು ಕೊರೆಯುತ್ತಿದೆ. ಅದಕ್ಕೇ ಈ ಪತ್ರ.

1965–66ರ ಬರ ನಿಮಗೆ ಗೊತ್ತಿರಬಹುದು. ಆಗ ನಮ್ಮದು ವಿಜಾಪುರ ಜಿಲ್ಲೆ. ಬಿಳಿಜೋಳದ ಹಗೇವುಗಳು ಬರಿದಾಗಿದ್ದವು. ರೇಶನ್ ಅಂಗಡಿಯಲ್ಲಿ ಕೆಂಪು ಜೋಳ ಕೊಡುತ್ತಿದ್ದರು. ಅಮೆರಿಕದಲ್ಲಿ ಅದನ್ನು ಮೈಲೋ ಎನ್ನುತ್ತಾರೆ, ಅಲ್ಲಿ ಅದು ಹೆಚ್ಚಾಗಿ ದನಗಳ ಮೇವು. ನಸುಕಿನಲ್ಲೇ ಚೀಲ ಹಿಡಿದು ಪಾಳಿ ಹಚ್ಚಿ ತಂದ ಆ ಜೋಳವನ್ನು ಅವ್ವ ಬೀಸಿ, ಎಸರು ಹಾಕಿ ನಾದಿ, ರೊಟ್ಟಿ ಬಡಿಯಲು ಕೂತರೆ ಅಂಚು ಬಿರಿದು ಬಿಡುತ್ತಿತ್ತು. “ಇದೆಂಥಾ ಜ್ವಾಳೋ ಯಪ್ಪಾ, ಹಿಟ್ಟಿಗೆ ಜಿಗೀನ ಇಲ್ಲ” ಎನ್ನುತ್ತಿದ್ದಳು. ಕಡೆಗೆ ನುಚ್ಚು ಮಾಡಿ ನೀರುಮಜ್ಜಿಗೆ ಹಾಕಿ ಕೊಡುತ್ತಿದ್ದಳು. ನಮ್ಮ ಓಣಿಯ ಮನೆಮನೆಯ ಕಥೆಯೂ ಅದೇ.

ಆ ಜೋಳ ನಮ್ಮ ಓಣಿಗೆ ಬಂದ ದಾರಿಯೇ ಶೀತಲ ಸಮರದ ದಾರಿ. 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಪಿ.ಎಲ್. 480 ಎಂಬ ಕಾನೂನಿನಂತೆ ಅಮೆರಿಕ ತನ್ನ ಹೆಚ್ಚುವರಿ ಧಾನ್ಯವನ್ನು ಡಾಲರ್ ಕೇಳದೆ, ನಮ್ಮ ರೂಪಾಯಿಗೇ ಕೊಡುತ್ತಿತ್ತು. 1956ರಲ್ಲಿ ಭಾರತ ಆ ಒಪ್ಪಂದಕ್ಕೆ ಸೇರಿತು. ಅಲ್ಲಿನ ರೈತನ ಕಣಜ ಖಾಲಿಯಾಗಬೇಕಿತ್ತು, ಹಸಿದ ದೇಶಗಳು ಕಮ್ಯುನಿಸ್ಟರ ಕಡೆ ವಾಲಬಾರದಿತ್ತು. ಬರ ಬಿದ್ದ ವರ್ಷಗಳಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷದ ಧಾನ್ಯವನ್ನು ಒಮ್ಮೆಲೇ ಕೊಡಲು ಒಪ್ಪಲಿಲ್ಲ. ಒಂದೆರಡು ತಿಂಗಳಿಗಾಗುವಷ್ಟೇ ಮಂಜೂರು ಮಾಡುತ್ತಾ ಹಗ್ಗ ತನ್ನ ಕೈಯಲ್ಲೇ ಇಟ್ಟುಕೊಂಡ. ವಿಯೆಟ್ನಾಮಿನ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಿ ಎಂದು 1966ರಲ್ಲಿ ಇಂದಿರಾ ಗಾಂಧಿ ಹೇಳಿದ್ದು ಆತನಿಗೆ ರುಚಿಸಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊಸ ಮಂಜೂರಾತಿಗೆ ದೆಹಲಿ ಕಾದು ಕೂರಬೇಕಾಯಿತು. ಹನೋಯಿಯ ಮೇಲೆ ಬಿದ್ದ ಬಾಂಬಿಗೂ ನಮ್ಮೂರ ರೇಶನ್ ಪಾಳಿಗೂ ಇದ್ದ ಸಂಬಂಧ ಇದು. ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇದನ್ನು ನಾನು ಕಾಣಲಿಲ್ಲ.

ಇನ್ನು ಬೀಳಗಿಯ ಕಡೆ ಬನ್ನಿ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿಯವರು. ಐದು ದಿನಕ್ಕೆ ನೆಹರೂ ತೀರಿಕೊಂಡರು, ಶಾಸ್ತ್ರಿಯವರು ಪ್ರಧಾನಿಯಾದರು. ಮರುವರ್ಷ ಪಾಕಿಸ್ತಾನದೊಡನೆ ಯುದ್ಧ, ಅದರ ಬೆನ್ನಿಗೇ ಕಾಳಿನ ಅಭಾವ. ಸೋಮವಾರ ರಾತ್ರಿ ಒಂದು ಹೊತ್ತಿನ ಊಟ ಬಿಡಿ ಎಂದು ಅವರು ಕೇಳಿಕೊಂಡರು, ಜನ ಬಿಟ್ಟರು. 1966ರ ಜನವರಿಯಲ್ಲಿ ಸೋವಿಯತ್ ನೆಲದ ತಾಷ್ಕೆಂಟಿನಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್ ಮಧ್ಯಸ್ಥಿಕೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಅದೇ ರಾತ್ರಿ ಅಲ್ಲೇ ಪ್ರಾಣ ಬಿಟ್ಟರು. ಒಂದು ಬಣ ಧಾನ್ಯದ ಹಗ್ಗ ಹಿಡಿದು ನಿಂತಿತ್ತು, ಇನ್ನೊಂದು ಬಣ ರಾಜಿಯ ಪಂಚಾಯಿತಿ ನಡೆಸಿತ್ತು. ನಡುವೆ ನಿಂತಿದ್ದವರು ಆಲಮಟ್ಟಿಗೆ ಬಂದು ಹೋದ ಆ ಸಣ್ಣ ದೇಹದ ಮನುಷ್ಯ. ಅವರು ಅಡಿಗಲ್ಲಿಟ್ಟ ಅಣೆಕಟ್ಟಿನ ಹಿನ್ನೀರು ಮುಂದೆ ಬೀಳಗಿ ತಾಲೂಕಿನ ಊರುಗಳನ್ನು ಮುಳುಗಿಸಿತು. ಮನೆಯ ಜೊತೆಗೆ ಹಳೆಯ ಪೆಟ್ಟಿಗೆಗಳೂ ಕಾಗದಪತ್ರಗಳೂ ಹೋದವು. ಪುನರ್ವಸತಿ ಕೇಂದ್ರಗಳಿಗೆ ಚದುರಿಹೋದ ಹಿರಿಯರ ನೆನಪಷ್ಟೇ ಉಳಿದಿದೆ.

ರಷ್ಯ ನಮ್ಮ ಮನೆಗೆ ಬೇರೆ ವೇಷದಲ್ಲಿ ಬಂತು. ನುಣುಪು ಹಾಳೆಯ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯನ್ನು ಹರಿದು ನಾವು ಪಠ್ಯಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದೆವು. ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಕೈಯಲ್ಲಿ ರಷ್ಯದ ಚಿತ್ರ, ಹೊಟ್ಟೆಯಲ್ಲಿ ಅಮೆರಿಕದ ಕಾಳು. ಪಕ್ಕದ ಗೋಕಾಕ ತಾಲೂಕಿನ ಮಲಾಮರಡಿಯಿಂದ ಬಂದ ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಸಿಕ್ಕಿತ್ತು. ಎರಡೂ ಬಣಗಳು ನಮ್ಮನ್ನು ಒಲಿಸಿಕೊಳ್ಳಲು ಬಂದದ್ದು ನಿಜ. ಆ ಕಾಳು ನಮ್ಮನ್ನು ಬದುಕಿಸಿತು, ಆ ಪತ್ರಿಕೆ ನಮ್ಮನ್ನು ಓದಿಸಿತು ಎಂಬುದೂ ನಿಜ. ಎರಡನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ.

ಹೊಲದ ಒಡ್ಡಿನ ಮೇಲಿನ ಕಾಂಗ್ರೆಸ್ ಕಸದ (ಪಾರ್ಥೇನಿಯಂ) ಮಾತೂ ಇದೆ. ಅಮೆರಿಕದ ಗೋಧಿಯ ಜೊತೆ ಬಂತು ಎಂದು ಮುಧೋಳದ ಕಬ್ಬಿನ ರೈತ ಇಂದಿಗೂ ಹೇಳುತ್ತಾನೆ. ಅದಕ್ಕೂ ಹಿಂದೆಯೇ ಅದು ಭಾರತದಲ್ಲಿತ್ತು ಎನ್ನುವ ಸಸ್ಯವಿಜ್ಞಾನಿಗಳಿದ್ದಾರೆ. ಅದನ್ನು ತಿನ್ನುವ ಹುಳುವನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ದಾಖಲಾಗಿದೆ. ರೈತನ ಮಾತು ಮತ್ತು ವಿಜ್ಞಾನಿಯ ಮಾತು ಎರಡನ್ನೂ ಎದುರಿಗಿಟ್ಟುಕೊಂಡು ತೂಗುವುದು ಎಂ.ಎ. ವಿದ್ಯಾರ್ಥಿಗೆ ಎಂಥ ಒಳ್ಳೆಯ ಅಭ್ಯಾಸ! ಹಾಗೆಯೇ ರಬಕವಿ-ಬನಹಟ್ಟಿಯ ನೇಕಾರರ ಓಣಿ. ಪಿ.ಎಲ್. 480ರ ಪಟ್ಟಿಯಲ್ಲಿ ಹತ್ತಿಯೂ ಇತ್ತು. ಆ ವರ್ಷಗಳಲ್ಲಿ ನಮ್ಮ ಮಗ್ಗಗಳಿಗೆ ನೂಲು ಎಲ್ಲಿಂದ, ಯಾವ ದರಕ್ಕೆ ಬಂತು ಎಂದು ಹಳೆಯ ಸಹಕಾರಿ ಸಂಘಗಳ ಲೆಕ್ಕದ ಪುಸ್ತಕ ತೆರೆದು ನೋಡುವ ಹುಡುಗ ಬೇಕು.

ಅಣುಬಾಂಬಿನ ವಿಷಯವೂ ನಮ್ಮಿಂದ ದೂರದ್ದಲ್ಲ. 1965ರಲ್ಲಿ ಗೌರಿಬಿದನೂರಿನಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ ಭೂಕಂಪನ ಮಾಪನ ಕೇಂದ್ರ ಕಟ್ಟಿದರು. ದೂರದ ದೇಶಗಳು ನೆಲದಡಿ ಸಿಡಿಸುವ ಅಣುಬಾಂಬಿನ ಅದುರನ್ನು ಕನ್ನಡದ ನೆಲದಲ್ಲಿ ಹಿಡಿಯುವುದು ಅದರ ಕೆಲಸ. ಮುಂದೆ ನಮ್ಮದೇ ಸ್ಫೋಟದ ವರ್ಷ ಬಂತು. 1974ರ ಫೆಬ್ರವರಿ 18ರಂದು ಅಮೆರಿಕ ತನ್ನ ಖಾತೆಯಲ್ಲಿ ಕೂಡಿಬಿದ್ದಿದ್ದ ಪಿ.ಎಲ್. 480ರ ಧಾನ್ಯದ ರೂಪಾಯಿಯಲ್ಲಿ 1,664 ಕೋಟಿಯ ಚೆಕ್ಕನ್ನು ಭಾರತಕ್ಕೇ ಮರಳಿಸಿತು. ಸರಿಯಾಗಿ ಮೂರು ತಿಂಗಳಿಗೆ, ಮೇ 18ರಂದು, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಮುಂದಾಳುತನದಲ್ಲಿ ಪೋಖ್ರಾನಿನ ಮರಳು ನಡುಗಿತು. ನಮ್ಮ ಹಸಿವಿನ ಲೆಕ್ಕ ಚುಕ್ತಾ ಆದ ವರ್ಷವೇ ನಾವು ಅಣುಸ್ಫೋಟ ನಡೆಸಿದೆವು.

ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರು ಉಪರಾಷ್ಟ್ರಪತಿಯಾದರು. ಜಮಖಂಡಿ ಪುರಸಭೆಯಿಂದ ಸಾರ್ವಜನಿಕ ಜೀವನ ಶುರು ಮಾಡಿದವರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾಗಿ ಜುಲೈ 25ರವರೆಗೆ ಆ ಹೊಣೆ ಹೊತ್ತರು. ಅಹ್ಮದರ ಅಂತ್ಯಸಂಸ್ಕಾರಕ್ಕೆ ಅಮೆರಿಕದಿಂದ ಬಂದವರು ಅಧ್ಯಕ್ಷ ಕಾರ್ಟರ್ ಅವರ ತಾಯಿ ಲಿಲಿಯನ್. ಹಿಂದೆ ಮುಂಬಯಿಯ ವಿಕ್ರೋಳಿಯಲ್ಲಿ ದಾದಿಯಾಗಿ ಸೇವೆ ಮಾಡಿದ ಹೆಣ್ಣುಮಗಳು. ಏಪ್ರಿಲಿನಲ್ಲಿ ಸೋವಿಯತ್ ವಿದೇಶಾಂಗ ಸಚಿವ ಗ್ರೋಮಿಕೋ ದೆಹಲಿಗೆ ಬಂದು ಹೋದರು. ದೆಹಲಿಯಲ್ಲಿ ಸರಕಾರ ಬದಲಾಗಿ ಎರಡೂ ಶಕ್ತಿಗಳು ಭಾರತದ ನಡೆಯನ್ನು ಕಣ್ಣಿಟ್ಟು ನೋಡುತ್ತಿದ್ದ ಆ ಐದೂವರೆ ತಿಂಗಳು ಮೂರೂ ಸೇನೆಗಳ ದಂಡನಾಯಕ ಸ್ಥಾನದಲ್ಲಿ ಇದ್ದವರು ಜಮಖಂಡಿ ತಾಲೂಕಿನ ಮನುಷ್ಯ. ಅವರ ಊರಿನ ತಾಲೂಕಿನಲ್ಲೇ ಇರುವ ವಿಶ್ವವಿದ್ಯಾಲಯ ಈ ಕಾಲದ ಮೇಲೆ ಒಂದು ಪ್ರಬಂಧವನ್ನಾದರೂ ಬರೆಯಿಸಬಾರದೇ?

ಮುಧೋಳದ ರನ್ನ ಬರೆದ ಗದಾಯುದ್ಧದಲ್ಲಿ ಭೀಮ ದುರ್ಯೋಧನರು ಎದುರುಬದುರು ನಿಂತು ಹೊಡೆದಾಡಿದರು. ಅಮೆರಿಕ, ರಷ್ಯ ಈ ಇಬ್ಬರು ಹಾಗೆ ನಿಲ್ಲಲಿಲ್ಲ. ಕೊರಿಯ, ವಿಯೆಟ್ನಾಂ, ಅಂಗೋಲ, ಅಫಘಾನಿಸ್ತಾನಗಳ ಹೊಲಗಳಲ್ಲಿ ಬೇರೆಯವರ ಮಕ್ಕಳನ್ನೂ ಮುಂದಿಟ್ಟುಕೊಂಡು ಕಾದಾಡಿದರು. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ನಮ್ಮೂರಲ್ಲಿ ಸೂರ್ಯಕಾಂತಿ ಎಣ್ಣೆಯ ದರ ಏರಿತು. ಅದು ಯಾಕೆ ಎಂದು ಮೊಮ್ಮಗಳು ಕೇಳಿದಳು. ಅವಳಿಗೆ ಉತ್ತರ ಹೇಳುವಾಗಲೇ ನನಗೆ ಕೆಂಪು ಜೋಳ ನೆನಪಾದದ್ದು.

ಕುಲಪತಿಗಳೇ, ನನ್ನ ಬೇಡಿಕೆ ದೊಡ್ಡದಲ್ಲ. ಇತಿಹಾಸ ವಿಭಾಗದ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಜಮಖಂಡಿ, ಬೀಳಗಿ, ಮುಧೋಳ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಿಗೆ ಕಳಿಸಿ. ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡಿಕೊಳ್ಳಲಿ. ಹಳೆಯ ರೇಶನ್ ಕಾರ್ಡು, ಕೇರ್ ಡಬ್ಬಿ, ಸೋವಿಯತ್ ಲ್ಯಾಂಡ್ ಸಂಚಿಕೆ ಏನೇ ಸಿಕ್ಕರೂ ವಿಶ್ವವಿದ್ಯಾಲಯದ ಒಂದು ಕೋಣೆಯಲ್ಲಿ ಜೋಡಿಸಿ, ಊರವರಿಗೆ ತೆರೆದಿಡಿ. 1966ರಲ್ಲಿ ರೊಟ್ಟಿ ಬಡಿಯುವ ವಯಸ್ಸಿನಲ್ಲಿದ್ದವರಿಗೆ ಈಗ ಎಂಬತ್ತರ ಮೇಲೆ. ನಮ್ಮವ್ವನ ಮಾತನ್ನು ನಾನೇ ಬರೆದಿಟ್ಟುಕೊಳ್ಳಲಿಲ್ಲ, ಅವಳು ಹೋದಳು. ನಮ್ಮ ಓಣಿಯಲ್ಲಿ ಆ ಜೋಳ ಬೀಸಿದವರು ಇನ್ನೂ ಮೂರು ಮಂದಿ ಇದ್ದಾರೆ. ದಯವಿಟ್ಟು ಮೊದಲು ಅವರ ಮನೆಗೆ ಯಾರನ್ನಾದರೂ ಕಳಿಸಿ. ದಾರಿ ತೋರಿಸಲು ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜಮಖಂಡಿಯ ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ